ಕ್ಲಾರಾಳ ಹಿಂದಿನ ಎಡಗಾಲು

ತಾಂಬಾದಿಂದ ಹೊರಟದ್ದು

ಹೊರದೇಶಕ್ಕೆ ಹೋಗಿ ಬಂದವರು ಅಲ್ಲಿ ಏನೇನು ನೋಡಿದೆವು ಎಂದು ಬರೆಯುತ್ತಾರೆ. ನಾನು ಅಲ್ಲಿ ನೋಡಿಯೂ ಹೇಳದೆ ಉಳಿಸಿದ್ದನ್ನು ಬರೆಯಬೇಕಾಗಿದೆ.

ನಾನು ಇಂಡಿ ತಾಲೂಕಿನ ತಾಂಬಾದವನು. ಮ್ಯಾಟ್ರಿಕ್ ಮುಗಿಸಿ, ನೌಕರಿ ಸಿಗದೆ, ಎತ್ತಿನ ದಲಾಲಿಗೆ ಇಳಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ದನದ ಸಂತೆಗಳಲ್ಲೇ ನನ್ನ ಆಯುಷ್ಯ ಕಳೆಯಿತು. ಜೊತೆಗಿದ್ದವನು ಸಿಂದಗಿಯ ಮಕ್ತುಮಸಾಬ. ಅವನ ಮಗಳು ರೆಹಾನಾ ವಿಜಾಪುರದಲ್ಲಿ ಇಂಜಿನಿಯರಿಂಗ್ ಓದಿ, ಮುಂದೆ ಹಾಲೆಂಡ್ ದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದ್ದಳು. ಅಪ್ಪ ಸಂತೆಯಲ್ಲಿ ಮಾಡುತ್ತಿದ್ದ ಕೆಲಸವನ್ನು ಅವಳು ಕಂಪ್ಯೂಟರಿಗೆ ಕಲಿಸಲು ಹೊರಟಿದ್ದಳು. ಹಸು ನಡೆಯುವುದನ್ನು ಕ್ಯಾಮೆರಾದಲ್ಲಿ ನೋಡಿ, ಅದು ಕುಂಟುತ್ತಿದೆಯೋ ಇಲ್ಲವೋ, ಕುಂಟಿದರೆ ಎಷ್ಟು, ಎಂದು ಯಂತ್ರವೇ ಹೇಳಬೇಕು. ಅದಕ್ಕೆ ಮೊದಲು ಬಲ್ಲವರು ಯಾರಾದರೂ ಸಾವಿರಾರು ಹಸುಗಳನ್ನು ನೋಡಿ ಹೇಳಿಕೊಡಬೇಕು. ಅಲ್ಲಿಯ ದನದ ಡಾಕ್ಟರಮ್ಮ ಬಾಣಂತನಕ್ಕೆ ರಜೆ ಹಾಕಿದ್ದರು. ರೆಹಾನಾ ಅಪ್ಪನನ್ನು ಕರೆದಳು.

ಮಕ್ತುಮಸಾಬನ ಮೊಣಕಾಲು ಹೋಗಿ ವರ್ಷಗಳಾಗಿದ್ದವು. ಫೋನಿನಲ್ಲಿ ಅವನು ಮಗಳಿಗೆ ಹೇಳಿದ್ದನ್ನು ನಾನೇ ಪಕ್ಕದಲ್ಲಿ ಕುಳಿತು ಕೇಳಿದೆ. "ಕುಂಟ ನೋಡಾಕ ಕುಂಟನ್ನ ಕರಸ್ತಿ ಏನವಾ? ಶರಣಪ್ಪನ್ನ ಕರಸ್ಕೋ. ನನಗಿಂತ ಕಣ್ಣು ಸ್ವಲ್ಪ ಮಂದ, ಆದ್ರ ಕಾಲು ಗಟ್ಟಿ ಅದಾವ."

ಹಾಗೆ ಕಾಲಿನ ಯೋಗ್ಯತೆಯ ಮೇಲೆ ನಾನು ವಿಮಾನ ಹತ್ತಿದೆ.

ವಿಮಾನ ನಿಲ್ದಾಣ

ಚೀಲದಲ್ಲಿ ಕಡಕ್ ರೊಟ್ಟಿಯ ಒಂದು ಗಂಟು ಇತ್ತು. ಅಲ್ಲಿಯ ಅಧಿಕಾರಿ ಗಂಟು ಬಿಚ್ಚಿ, ಒಂದು ರೊಟ್ಟಿ ಎತ್ತಿ, ಮೇಜಿಗೆ ತಟ್ಟಿದ. ಹಂಚು ತಟ್ಟಿದ ಹಾಗೆ ಸಪ್ಪಳವಾಯಿತು. ಇನ್ನೊಬ್ಬನನ್ನು ಕರೆದ. ಅವನೂ ತಟ್ಟಿದ. ನಾನು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ. ನನ್ನ ಹಲ್ಲನ್ನು ನೋಡಿ ಇಬ್ಬರೂ ದಾರಿ ಬಿಟ್ಟರು. ಎತ್ತಿನ ವಯಸ್ಸನ್ನು ಹಲ್ಲು ನೋಡಿ ಹೇಳುತ್ತಿದ್ದ ನನಗೆ ಅವತ್ತು ಸಂತೆಗೆ ಬಂದ ಎತ್ತು ನಾನೇ ಅನ್ನಿಸಿತು.

ಹೊರಗೆ ರೆಹಾನಾ ಸೈಕಲ್ ಹಿಡಿದು ನಿಂತಿದ್ದಳು. ಕಾಲಿಗೆ ಬೀಳಲು ಬಗ್ಗಿದವಳನ್ನು ಎತ್ತಿದೆ.

"ಕಾಕಾ, ಪಟಕಾ ತಗದು ಉಲ್ಲನ್ ಟೊಪಗಿ ಹಾಕ್ಕೋರಿ. ಥಂಡಿ ಐತಿ."

"ಪಟಕಾ ತಗದ್ರ ನಿಮ್ಮಪ್ಪಗ ಫೋಟೊದಾಗ ನನ್ನ ಗುರ್ತ ಸಿಗಂಗಿಲ್ಲವಾ."

ಆ ದೇಶ ನಮ್ಮ ಎರೆಹೊಲದ ಹಾಗೆಯೇ ಸಮತಟ್ಟು. ಒಂದು ಗುಡ್ಡವೂ ಕಾಣುವುದಿಲ್ಲ. ನೆಲಕ್ಕಿಂತ ಮೇಲೆ ಕಾಲುವೆ ಹರಿಯುತ್ತದೆ. ಆಲಮಟ್ಟಿ ಅಣೆಕಟ್ಟಿನ ನೀರು ಕಂಡ ಪಕ್ಕದ ನಿಡಗುಂದಿಯವರಿಗೂ ಅದು ವಿಚಿತ್ರವೇ. ಮನೆಗಳ ಕಿಟಕಿಗೆ ಪರದೆ ಇಲ್ಲ. ರಸ್ತೆಯಲ್ಲಿ ಹೋಗುವವನಿಗೆ ಒಳಗೆ ಊಟ ಮಾಡುವವರು ಕಾಣುತ್ತಾರೆ, ಆದರೆ ಯಾರೂ ನೋಡುವುದಿಲ್ಲ. ನಾನು ನೋಡಿದೆ. ರೆಹಾನಾ ತೋಳು ಹಿಡಿದು ಎಳೆದಳು.

ರೆಹಾನಾ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ ಅವರ ಮಾತಿನಲ್ಲೂ ಪರದೆ ಇಲ್ಲ. ರೆಹಾನಾಳ ಮನೆಯ ಒಡತಿ ನನ್ನನ್ನು ಕಂಡ ಮೊದಲ ಗಳಿಗೆಯಲ್ಲೇ ಕೋಟು ನನಗೆ ಒಪ್ಪುವುದಿಲ್ಲ ಎಂದಳು. ನಾನು ಕೊಟ್ಟ ಶೇಂಗಾ ಹಿಂಡಿಯ ಚಟ್ನಿಪುಡಿ ತಿಂದು, ಇದು ಚೆನ್ನಾಗಿಲ್ಲ ಎಂದಳು. ಮುಖದಲ್ಲಿ ಸಿಟ್ಟಿಲ್ಲ. ಉಪ್ಪು ಹೆಚ್ಚಿದ್ದರೆ ಹೆಚ್ಚಿದೆ ಎನ್ನುವುದೇ ಅವರ ಮರ್ಯಾದೆ. ನಮ್ಮ ಕಡೆಯ ಮಾತನ್ನೂ ಒರಟು ಎನ್ನುತ್ತಾರೆ. ಇವರು ನಮಗಿಂತ ಒಂದು ಕೈ ಮೇಲು ಎಂದುಕೊಂಡೆ. ಎಷ್ಟು ಮೇಲು ಎಂಬುದು ಆಮೇಲೆ ತಿಳಿಯಿತು.

ಪ್ರಯೋಗಶಾಲೆ

ಹಸುಗಳ ಕೆಲಸ ಶುರುವಾಗುವ ಮೊದಲು ರೆಹಾನಾ ಪಕ್ಕದ ಕೋಣೆಗೆ ಕರೆದೊಯ್ದಳು. ಅಲ್ಲಿ ಮರಳು ಹರಡಿದ ಒಂದು ದೊಡ್ಡ ತೊಟ್ಟಿ. ಅದರಲ್ಲಿ ಆಡಿನ ಗಾತ್ರದ, ನಾಲ್ಕು ಕಾಲಿನ, ತಲೆ ಇಲ್ಲದ ರೋಬೋಟ್. ಅದಕ್ಕೆ ನಡೆಯುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲವಂತೆ. ಬಿದ್ದು, ಎದ್ದು, ಬೀಳದಂಥ ಹೆಜ್ಜೆಗಳನ್ನು ಉಳಿಸಿಕೊಂಡು ತಾನೇ ಕಲಿತಿತ್ತು. ಅವತ್ತು ಅದರ ಒಂದು ಕಾಲಿನ ಮೋಟಾರನ್ನು ಬೇಕೆಂದೇ ಕಿತ್ತಿದ್ದರು. ಅದು ಮೂರು ಕಾಲಿನ ಹೊಸ ನಡಿಗೆ ಹುಡುಕುತ್ತಾ ಎಲ್ಲರ ಎದುರಿಗೆ ಕುಂಟುತ್ತಿತ್ತು.

"ಇದಕ್ಕ ನಾಚಿಕಿ ಇಲ್ಲೇನ?" ಎಂದೆ.

ಅಲ್ಲೇ ನಿಂತಿದ್ದ ಪೀಟರ್ ಎಂಬುವವನಿಗೆ ರೆಹಾನಾ ಅದನ್ನು ತಿಳಿಸಿದಳು. ಅವನು ಜೀವಿಗಳು ಹೇಗೆ ಬದಲಾಗುತ್ತಾ ಬಂದವು ಎಂದು ಓದಿದವನು. ನಕ್ಕ. ಹಸುವಿನ ಕಾಲು ನೋಯುತ್ತಿದ್ದರೂ ಅದು ಆದಷ್ಟು ಮುಚ್ಚಿಡುತ್ತದೆ ಎಂದ. ಕಾಡಿನಲ್ಲಿದ್ದಾಗ ಕುಂಟಿದ್ದನ್ನು ತೋರಿಸಿಕೊಂಡ ಪ್ರಾಣಿಯನ್ನು ತೋಳ ಮೊದಲು ಹಿಡಿಯುತ್ತಿತ್ತು. ಮುಚ್ಚಿಟ್ಟದ್ದು ಉಳಿದು ಕರು ಹಾಕಿತು. ಈಗಿನ ಹಸುಗಳು ಆ ಮುಚ್ಚಿಟ್ಟವುಗಳ ಸಂತಾನ. ಅದಕ್ಕೇ ರೈತನಿಗೆ ಕುಂಟು ಕಾಣುವ ಹೊತ್ತಿಗೆ ಕಾಲು ಕೊಳೆತಿರುತ್ತದೆ. ಈ ರೋಬೋಟಿನ ಹಿಂದೆ ಯಾವ ತೋಳವೂ ಇರಲಿಲ್ಲ, ಅದಕ್ಕೆ ಮುಚ್ಚಿಡುವುದು ಗೊತ್ತಿಲ್ಲ.

ಅವನು ಹೇಳಿದ್ದು ನನಗೆ ಹಿಡಿಸಿತು. ದನ ಮುಚ್ಚಿಡುವುದು ಸರಿ. ಅದನ್ನು ಮಾರುವವರು ಮುಚ್ಚಿಡುವುದರ ಬಗ್ಗೆ ಅವನು ಏನೂ ಓದಿರಲಿಲ್ಲ.

ಆಮೇಲೆ ರೆಹಾನಾ ನನ್ನ ಕೆಲಸ ತಿಳಿಸಿದಳು. ಸರಿ ನಡೆಯುವ ಹಸುವಿಗೆ ಒಂದು. ಕಾಲೂರಲಾರದ್ದಕ್ಕೆ ಐದು. ನಡುವಿನವಕ್ಕೆ ನಡುವಿನ ಅಂಕ.

"ಮಷೀನಿಗೆ ನಾವು ಯಾವ ಸೂತ್ರಾನೂ ಹೇಳಂಗಿಲ್ರಿ ಕಾಕಾ. ಚಿತ್ರ ತೋರಸ್ತೇವಿ, ನೀವು ಕೊಟ್ಟ ನಂಬರ ತೋರಸ್ತೇವಿ. ಯಾಕ ಆ ನಂಬರ ಅಂತ ಅದು ತಾನ ಹುಡಕ್ಕೋತೈತಿ."

"ಮಾಸ್ತರ ತಪ್ಪಿದ್ರ?"

"ಅದೂ ತಪ್ಪ ಕಲೀತೈತ್ರಿ. ನೀವು ತಪ್ಪಂಗಿಲ್ಲ ಬಿಡ್ರಿ."

ನಮ್ಮ ಹೈಸ್ಕೂಲಿನ ಗಣಿತದ ಮಾಸ್ತರರು ನೆನಪಾದರು. ಹುಡುಗ ಲೆಕ್ಕ ಸರಿ ಮಾಡಿದರೆ ಅವರು ಕೈಯಲ್ಲಿನ ಸೀಮೆಸುಣ್ಣವನ್ನು ಕೆಳಗಿಡುತ್ತಿದ್ದರು. ನಾವು ಬೋರ್ಡಿನ ಮೇಲಿನ ಲೆಕ್ಕ ಬಿಟ್ಟು ಅವರ ಕೈ ನೋಡುವುದನ್ನು ಕಲಿತಿದ್ದೆವು. ಅದನ್ನು ರೆಹಾನಾಳಿಗೆ ತಮಾಷೆಗೆಂದು ಹೇಳಿದೆ. ಅವಳು ನಕ್ಕಳು. ಇಬ್ಬರೂ ಅಲ್ಲಿಗೇ ಬಿಟ್ಟೆವು.

ಹೆಂಕನ ಕೊಟ್ಟಿಗೆ

ಹೆಂಕ್ ನನ್ನ ವಯಸ್ಸಿನ ರೈತ. ಊರ ಹೊರಗೆ ಅವನ ಕೊಟ್ಟಿಗೆ. ಹಾಲು ಕರೆಯುವ ಕೋಣೆಯಿಂದ ಹಸುಗಳು ಒಂದರ ಹಿಂದೆ ಒಂದು ಇಕ್ಕಟ್ಟಾದ ಓಣಿಯಲ್ಲಿ ಬರುತ್ತಿದ್ದವು. ಓಣಿಯ ಪಕ್ಕ ಕ್ಯಾಮೆರಾ. ಅದರ ಹಿಂದೆ ರೆಹಾನಾ ಮತ್ತು ನಾನು. ನಾನು ಅಂಕ ಹೇಳುವುದು, ಅವಳು ಕಂಪ್ಯೂಟರಿಗೆ ಹಾಕುವುದು. ನನ್ನ ಬೆರಳುಗಳನ್ನು ನೋಡಿ ಹೆಂಕನಿಗೂ ಅಂಕ ತಿಳಿಯುತ್ತಿತ್ತು.

ಒಮ್ಮೊಮ್ಮೆ ಹೆಂಕ್ ಒಳಗೆ ಹಾಲು ಕರೆಯುತ್ತಿದ್ದ. ಒಮ್ಮೊಮ್ಮೆ ಓಣಿಯಲ್ಲೇ ಬಂದು ನಿಂತು, ಹಾದುಹೋಗುವ ಪ್ರತಿ ಹಸುವಿನ ಬೆನ್ನು ಸವರಿ ಹೆಸರು ಹೇಳುತ್ತಿದ್ದ. ನಾವು ಹೋದ ಉಳಿದ ಕೊಟ್ಟಿಗೆಗಳಲ್ಲೂ ಹಾಗೆಯೇ, ಯಜಮಾನರು ಹೋಗುತ್ತಾ ಬರುತ್ತಾ ಇರುತ್ತಿದ್ದರು.

ಇಲ್ಲಿ ನಮ್ಮ ಸಂತೆಯ ರೀತಿಯನ್ನು ಹೇಳಬೇಕು. ಎತ್ತಿನ ಐಬನ್ನು ಅದರ ಯಜಮಾನನ ಎದುರಿಗೆ ಬಾಯಿಬಿಟ್ಟು ಹೇಳುವಂತಿಲ್ಲ. ಅದು ಮನೆಯ ಮಗಳಿಗೆ ಕುಂದು ಹೇಳಿದ ಹಾಗೆ. ಬೆಲೆಯನ್ನೂ ಹೇಳುವಂತಿಲ್ಲ. ದಲಾಲರು ಟವೆಲಿನ ಕೆಳಗೆ ಕೈ ಸೇರಿಸಿ ಬೆರಳು ಒತ್ತುತ್ತಾರೆ. ಬೆಲೆ, ಐಬು, ಒಪ್ಪಿಗೆ, ಎಲ್ಲ ಅದರ ಕೆಳಗೆ. ಟವೆಲಿನ ಮೇಲೆ ಬರೀ ನಗು, ಹವಾಮಾನ, ಮಕ್ಕಳ ಕ್ಷೇಮ. ಎದುರಿಗೆ ಕೇಳಿದರೆ ಒಂದೇ ಉತ್ತರ: "ಚಲೋ ಐತ್ರಿ." ನಾನು ಆಯುಷ್ಯವೆಲ್ಲ ಅದನ್ನೇ ಹೇಳಿದ್ದೇನೆ.

ಹೆಂಕನ ಹೆಂಡತಿ ಕಾಫಿ ತಂದುಕೊಟ್ಟ ದಿನ ಅವನು ಓಣಿಯಲ್ಲಿ ನಿಂತಿದ್ದ. ಒಂದು ಕಪ್ಪು ಬಿಳುಪಿನ ಹಸು ಬಂತು. ಅವನು ಅದರ ಕೊರಳು ತಬ್ಬಿಕೊಂಡು ನನಗೆ ಏನೋ ಹೇಳಿದ.

"ಇದು ಕ್ಲಾರಾ ಅಂತ್ರಿ," ಎಂದಳು ರೆಹಾನಾ. "ಇದರ ಅವ್ವನ್ನೂ ಇವರ ಸಾಕಿದ್ದಂತ. ಹೆಂಗೈತಿ ಅಂತ ಕೇಳಾಕತ್ತಾರ."

ಕ್ಲಾರಾ ತಲೆ ಸ್ವಲ್ಪ ಎತ್ತಿ ಇಳಿಸುತ್ತಾ ಬೆನ್ನು ಕಮಾನು ಮಾಡಿ ನಡೆಯಿತು. ಹಿಂದಿನ ಎಡಗಾಲು ನೆಲಕ್ಕೆ ತಾಗಿದ ಕೂಡಲೇ ಮೇಲೇಳುತ್ತಿತ್ತು. ಬಾಗೇವಾಡಿಯ ಸಂತೆಯಲ್ಲಾಗಿದ್ದರೆ ನಾನು ಟವೆಲಿನ ಕೆಳಗೆ ನಾಲ್ಕು ಬೆರಳು ಒತ್ತುತ್ತಿದ್ದೆ.

"ಒಂದು," ಎಂದು ಬೆರಳೆತ್ತಿ ತೋರಿಸಿದೆ. "ಚಲೋ ಐತಿ."

"ಒಂದಽ ಏನ್ರಿ ಕಾಕಾ?"

"ಒಂದವಾ."

ಹೆಂಕನ ಮುಖ ಅರಳಿತು. ಹೆಂಡತಿ ನನ್ನ ಕಪ್ಪಿಗೆ ಇನ್ನಷ್ಟು ಕಾಫಿ ಹಾಕಿದಳು. ಕುಂಟುವ ಹಸುವನ್ನು ಕಟುಕರಿಗೆ ಕೊಡಬಾರದೆಂಬ ಕರುಣೆಯಿಂದ ಹಾಗೆ ಹೇಳಿದೆ ಎಂದು ಈಗ ಬರೆದರೆ ಚೆನ್ನಾಗಿರುತ್ತಿತ್ತು. ಅಂಥ ಕರುಣೆ ಏನೂ ಇರಲಿಲ್ಲ. ನಾಲಿಗೆಗೆ ಬೇರೆ ಮಾತು ಬರಲೇ ಇಲ್ಲ, ಅಷ್ಟೆ. ಕ್ಲಾರಾ ಒಂದೇ ಅಲ್ಲ. ಯಜಮಾನ ಒಳಗಿದ್ದಾಗ ನಾನು ಹೇಳಿದ ಅಂಕಗಳು ಸರಿ. ಯಜಮಾನ ಓಣಿಯಲ್ಲಿ ನಿಂತಾಗಲೆಲ್ಲ ಒಂದು, ಒಂದು, ಒಂದು.

ರೈತರ ಎದುರು ಪರೀಕ್ಷೆ

ಯಂತ್ರ ಕಲಿತು ಮುಗಿದ ಮೇಲೆ ಇನ್ನೊಂದು ಊರಿನ ಕೊಟ್ಟಿಗೆಯಲ್ಲಿ ಅದರ ಪರೀಕ್ಷೆ. ಸುತ್ತಲಿನ ರೈತರು, ರೆಹಾನಾಳ ಪ್ರೊಫೆಸರ್, ಪೀಟರ್ ಎಲ್ಲ ಸೇರಿದ್ದರು. ಮೊದಲು ಬಂದ ಹಸುಗಳಿಗೆ ಯಂತ್ರ ಸರಿಯಾಗಿಯೇ ಅಂಕ ಕೊಟ್ಟಿತು. ರೆಹಾನಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಆಮೇಲೆ ಒಬ್ಬ ರೈತ ತಾನೇ ಹಗ್ಗ ಹಿಡಿದು ಒಂದು ಹಸುವನ್ನು ನಡೆಸಿಕೊಂಡು ಬಂದ. ಅದು ಮೂರು ಕಾಲಿನ ಮೇಲೆ ಜಿಗಿಯುತ್ತಿತ್ತು. ಬಾಗಿಲಲ್ಲಿ ನಿಂತ ಮಕ್ಕಳಿಗೂ ಅದು ಕುಂಟೆಂದು ಗೊತ್ತಾಯಿತು.

ಯಂತ್ರದ ಪರದೆಯ ಮೇಲೆ ಬಂದದ್ದು ಒಂದು.

ರೈತರು ಹೊಟ್ಟೆ ಹಿಡಿದು ನಕ್ಕರು. ಪ್ರೊಫೆಸರ್ ನಗಲಿಲ್ಲ. ಎಲ್ಲರ ಎದುರೇ ರೆಹಾನಾಳಿಗೆ, ನಿನ್ನ ಪ್ರೋಗ್ರಾಂ ಕೆಟ್ಟಿದೆ ಎಂದ. ಚಳಿಗಾಲ ಮುಗಿಯುವುದರೊಳಗೆ ಸರಿಯಾಗದಿದ್ದರೆ ಈ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸುತ್ತೇನೆ ಎಂದ. ಅದೂ ಅವರ ರೀತಿಯಲ್ಲೇ, ಸಿಟ್ಟಿಲ್ಲದೆ. ರೆಹಾನಾ ತಲೆಯಾಡಿಸಿ ತಂತಿಗಳನ್ನು ಸುತ್ತತೊಡಗಿದಳು.

ನಾನು ಅಲ್ಲಿಯೇ ಇದ್ದೆ. ತಂತಿ ಸುತ್ತಲು ಸಹಾಯ ಮಾಡಿದೆ.

ಅವಳು ಊಟ ಬಿಟ್ಟು ಪ್ರೋಗ್ರಾಮಿನ ತಪ್ಪು ಹುಡುಕಿದಳು. ಒಂದು ಸಂಜೆ ಕುರ್ಚಿ ತಿರುಗಿಸಿ ನನ್ನನ್ನು ಕರೆದಳು.

"ಕಾಕಾ, ಇಲ್ಲಿ ಬರ್ರಿ. ಒಂದು ಮಜಾ ತೋರಸ್ತೇನಿ." ಪರದೆಯ ಮೇಲೆ ಕುಂಟುವ ಹಸುವಿನ ಚಿತ್ರ. ಯಂತ್ರ ನಾಲ್ಕು ಎಂದಿತು. ಅದೇ ಚಿತ್ರಕ್ಕೆ ಅವಳು ಬೇರೆ ಕಡೆಯಿಂದ ಒಬ್ಬ ಮನುಷ್ಯನ ಆಕೃತಿಯನ್ನು ತಂದು ಅಂಟಿಸಿದಳು. ಯಂತ್ರ ಒಂದು ಎಂದಿತು. "ಇದು ದನಾ ನೋಡಾಕತ್ತಿಲ್ರಿ. ಮನಿಷ್ಯಾನ್ನ ನೋಡಾಕತ್ತೈತಿ. ಮನಿಷ್ಯಾ ಬಾಜೂಕ ನಿಂತ್ರ ಸಾಕು, ಚಲೋ ಐತಿ ಅಂತೈತಿ. ಇದನ್ನ ಎಲ್ಲಿಂದ ಕಲೀತೋ ತಿಳಿವಲ್ದು."

ನಾನು ಎಲ್ಲಿಂದ ಎಂದು ಹೇಳಬಹುದಿತ್ತು. "ಚಾ ಆರಾಕತ್ತೈತಿ, ಕುಡಿ," ಎಂದೆ.

ಆ ಯಂತ್ರವನ್ನು ನೋಡುತ್ತಾ ಕುಳಿತೆ. ಮಾಸ್ತರರ ಸೀಮೆಸುಣ್ಣ ನೋಡಿದ ಹುಡುಗರ ಹಾಗೆ ಅದು ನನ್ನನ್ನು ನೋಡಿತ್ತು. ಹಸುವಿನ ಕಾಲಿನ ಬಗ್ಗೆ ನಾನು ಕೊಟ್ಟ ಪಾಠಕ್ಕಿಂತ ನನ್ನ ಬಗ್ಗೆ ನಾನು ಕೊಟ್ಟ ಪಾಠ ಅದಕ್ಕೆ ಸುಲಭವಾಗಿತ್ತು.

ಅಡುಗೆಮನೆ

ಮರುದಿನ ಬೆಳಿಗ್ಗೆ ಹೆಂಕನ ಮನೆಯಿಂದ ಫೋನು ಬಂತು. ರೆಹಾನಾ ಮಾತಾಡಿ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಳು.

"ಕ್ಲಾರಾಂದು ಸೂಜಿ ಹಾಕಿ ಜೀವಾ ತಗದ್ರಂತ. ಕಾಲಿನ ಕೀವು ಕೀಲಿಗೆ ಹೋಗಿತ್ತಂತ. ಗೊರಸು ಕೆತ್ತಾಂವ ನಡುವ ಒಮ್ಮೆ ಬಂದಿದ್ನಂತ. ಇಂಡಿಯಾದ ಜಾಣ ಚಲೋ ಐತಿ ಅಂದಾನ, ಇದಕ್ಕ ಬ್ಯಾಡ ಅಂತ ಹೆಂಕ್ ಅವರ ವಾಪಸ್ ಕಳಸ್ಯಾರ."

ರೊಟ್ಟಿಯ ಗಂಟಿನಲ್ಲಿ ಕೊನೆಯ ಚೂರುಗಳು ಉಳಿದಿದ್ದವು. ನಾನು ಅವನ್ನೇ ನೋಡುತ್ತಾ ಹೇಳಿದೆ.

"ಅವತ್ತ ಅದಕ್ಕ ನಾಕಿತ್ತವಾ. ಹೆಂಕ್ ಬಾಜೂಕ ನಿಂತಿದ್ದ, ಅದಕ್ಕ ಒಂದಂದೆ. ಯಜಮಾನ್ರು ನಿಂತಾಗೆಲ್ಲಾ ಒಂದಽ ಅಂದೇನಿ."

ಅವಳು ದಲಾಲನ ಮಗಳು. ಬಿಡಿಸಿ ಹೇಳಬೇಕಾಗಲಿಲ್ಲ. ಎದ್ದು ಕಿಟಕಿಯ ಬಳಿ ಹೋಗಿ ನಿಂತಳು.

"ನಮ್ಮಪ್ಪಾನೂ ಹಿಂಗ ಹೇಳ್ತಿದ್ರೇನ್ರಿ?"

"ನನಗ ಕಲಿಸಿದಾಂವ ಅವನಽ."

"ಹಂಗಾದ್ರ ನನ್ನ ಮಷೀನ್ ಭಾಳ ಶಾಣ್ಯಾ ಆತು ಬಿಡ್ರಿ." ತಿರುಗಿದಳು. ಕಣ್ಣು ಕೆಂಪಾಗಿದ್ದವು. "ಹೆಂಕ್ ಅವರ ಮುಂದ ಬ್ಯಾಡ ಅಂದ್ರಿ, ಸರಿ. ಮನೀಗ ಬಂದ ಮ್ಯಾಲೆ ನನಗರ ಹೇಳಬೇಕಿತ್ತಲ್ರಿ. ಎಲ್ಲಾರೂ ನಕ್ಕ ದಿನ ಹೇಳಬೇಕಿತ್ತಲ್ರಿ. ನಾ ಏನ್ ಯಜಮಾನಾ ಏನ್ರಿ?"

ನಾನು ರೊಟ್ಟಿಯ ಚೂರುಗಳನ್ನು ಗಂಟಿನಲ್ಲಿ ಮತ್ತೆ ಕಟ್ಟಿಟ್ಟೆ.

ಮತ್ತೆ ಕೊಟ್ಟಿಗೆಗಳು

ರೆಹಾನಾ ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಹಳೆಯ ಚಿತ್ರಗಳಿಗೆ ನಾನು ಪ್ರಯೋಗಶಾಲೆಯಲ್ಲಿ ಕುಳಿತು ಮತ್ತೆ ಅಂಕ ಹೇಳಿದೆ. ಅದು ಸಾಲದು, ಯಜಮಾನ ಪಕ್ಕದಲ್ಲಿರುವ ಹೊಸ ಚಿತ್ರಗಳೂ ಬೇಕು ಎಂದಳು. ಕೊಟ್ಟಿಗೆಯ ಬಾಗಿಲಲ್ಲಿ ನನ್ನ ಹೆಗಲ ಮೇಲಿನ ಟವೆಲನ್ನು ತಾನೇ ಎಳೆದು ನಮ್ಮಿಬ್ಬರ ಕೈಯ ಮೇಲೆ ಹೊದಿಸಿದಳು.

"ಬಾಯಿಲೆ ಹೇಳಾಕ ಬರದಿದ್ರ ಕೈಲೆ ಹೇಳ್ರಿ. ಸಣ್ಣಾಕಿದ್ದಾಗ ಅಪ್ಪನ ಬಾಜೂಕ ಕುಂತು ಕಲತೇನಿ."

ಹಸು ಬಂದಂತೆ ನಾನು ಅವಳ ಬೆರಳು ಒತ್ತುತ್ತಿದ್ದೆ. ಅವಳು ಇನ್ನೊಂದು ಕೈಯಲ್ಲಿ ಅಂಕ ಹಾಕುತ್ತಿದ್ದಳು. ಯಜಮಾನ ಎದುರಿಗೆ ನಿಂತಿದ್ದಾನೆ, ನಾನು ನಗುತ್ತಿದ್ದೇನೆ, ಟವೆಲಿನ ಕೆಳಗೆ ನಾಲ್ಕು. ಒಬ್ಬ ರೈತನ ಹೆಂಡತಿ ಇದು ನಿಮ್ಮ ಪ್ರಾರ್ಥನೆಯೋ ಎಂದು ಕೇಳಿದಳು. ರೆಹಾನಾ ಹೌದು ಎಂದುಬಿಟ್ಟಳು. ಆದರೆ ಕೆಲಸ ಮುಗಿದ ಮೇಲೆ ಕುಂಟುವ ಪ್ರತಿ ಹಸುವಿನ ಹೆಸರನ್ನೂ ಅವಳೇ ಯಜಮಾನನಿಗೆ ಬಾಯಿಬಿಟ್ಟು ಹೇಳಿ ಬರುತ್ತಿದ್ದಳು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಎಲ್ಲರೂ ಯಾವ ಕಾಲು ಎಂದು ಕೇಳಿದರು.

ಹೆಂಕನ ಓಣಿ

ಹೊರಡುವ ಹಿಂದಿನ ದಿನ ಹೆಂಕನಿಗೆ ವಿದಾಯ ಹೇಳಲು ಹೋದೆವು. ಅವನ ಹೆಂಡತಿ ನನಗಾಗಿ ಚೀಸಿನ ದೊಡ್ಡ ಗಟ್ಟಿಯೊಂದನ್ನು ಕಾಗದದಲ್ಲಿ ಸುತ್ತಿಟ್ಟಿದ್ದಳು. ಹೆಂಕ್ ನನ್ನ ಭುಜ ತಟ್ಟಿದ.

"ಕ್ಲಾರಾನ್ನ ನೀವು ಹೊಗಳಿದ್ದು ನೆನಪೈತಂತ್ರಿ," ಎಂದಳು ರೆಹಾನಾ, ತಲೆ ತಗ್ಗಿಸಿಕೊಂಡು.

"ಅವಗ ಹೇಳು. ನನಗ ಗೊತ್ತಿತ್ತಂತ ಹೇಳು."

"ಹೋಗೂ ಹೊತ್ತಿನ್ಯಾಗ ಯಾಕ್ರಿ ಕಾಕಾ? ನಾ ಆಮ್ಯಾಲೆ ಹೇಳ್ತೇನಿ. ನೀವು ಹೋದ ಮ್ಯಾಲೆ."

ನಾನು ಹೋದ ಮೇಲೆ ಎಂದರೆ ಮತ್ತೆ ಟವೆಲಿನ ಕೆಳಗೆ. ನನಗೆ ಅವರ ಭಾಷೆ ಬಾರದು. ಹೆಂಕನ ಕೈ ಹಿಡಿದು, ಕ್ಯಾಮೆರಾ ಇನ್ನೂ ಅಲ್ಲೇ ಇದ್ದ ಹಸುಗಳ ಓಣಿಗೆ ಕರೆದುಕೊಂಡು ಹೋಗಿ, ಅವನು ಅವತ್ತು ನಿಂತಿದ್ದ ಜಾಗದಲ್ಲೇ ನಿಲ್ಲಿಸಿದೆ. "ಕ್ಲಾರಾ," ಎಂದೆ. ಓಣಿಯ ಆಚೆ ತುದಿಗೆ ಹೋಗಿ, ಬೆನ್ನು ಕಮಾನು ಮಾಡಿ, ತಲೆ ಎತ್ತಿ ಇಳಿಸುತ್ತಾ, ಎಡಗಾಲು ಊರಿದೊಡನೆ ಎತ್ತುತ್ತಾ, ಅವನ ಮುಂದೆ ನಡೆದು ಬಂದೆ. ಆಮೇಲೆ ನನ್ನ ಕಣ್ಣಿಗೆ ಬೆರಳಿಟ್ಟು ತೋರಿಸಿದೆ. ನನಗೆ ಕಂಡಿತ್ತು ಎಂದು. ಆಮೇಲೆ ಬಾಯಿಯ ಮೇಲೆ ಕೈ ಇಟ್ಟುಕೊಂಡೆ.

ಹೆಂಕನ ಹೆಂಡತಿ ಮೊದಲು ನಕ್ಕಳು, ಮುದುಕ ಆಟವಾಡುತ್ತಿದ್ದಾನೆಂದು. ಹೆಂಕ್ ನಗಲಿಲ್ಲ. ನನ್ನ ಎಡಗಾಲನ್ನೇ ನೋಡುತ್ತಿದ್ದ. ಇನ್ನೊಮ್ಮೆ ನಡೆ ಎಂದು ಕೈಸನ್ನೆ ಮಾಡಿದ. ನಡೆದೆ. ರೆಹಾನಾಳಿಗೆ ಏನೋ ಕೇಳಿದ.

"ಹಿಂದಿನ ಕಾಲೇನು ಅಂತ ಕೇಳಾಕತ್ತಾರ್ರಿ."

"ಹೌದು. ಹಿಂದಿನ ಎಡಗಾಲು."

ಆ ದೇಶದಲ್ಲಿ ಎಲ್ಲರೂ ಹೊರಡುವಾಗ ಕೈ ಕುಲುಕುತ್ತಾರೆ. ಹೆಂಕ್ ಕೈ ಕೊಡಲಿಲ್ಲ. ಚೀಸನ್ನು ಮಾತ್ರ ತಾನೇ ತಂದು ನನ್ನ ಚೀಲದಲ್ಲಿಟ್ಟು, ಕೊಟ್ಟಿಗೆಯೊಳಗೆ ಹೋದ.

ಸಿಂದಗಿ ಸಂತೆ

ಊರಿಗೆ ಬಂದ ಮೇಲೆ ಒಂದು ಸಂತೆಯ ದಿನ ಸಿಂದಗಿಗೆ ಹೋದೆ. ಮಕ್ತುಮಸಾಬ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಸುತ್ತ ಹಳೆಯ ದಲಾಲರು. ನನ್ನನ್ನು ನೋಡಿದವನೇ ಮಾತಾಡದೆ ಕೈ ಹಿಡಿದು ಮೇಲೆ ಟವೆಲು ಹೊದಿಸಿದ. ಕೆಳಗೆ ನಾಲ್ಕು ಬೆರಳು ಒತ್ತಿದ.

"ಯಾವ ಎತ್ತಿಂದೋ?" ಎಂದೆ.

"ಎತ್ತಿಂದಲ್ಲಲೇ, ನಿಂದು." ನಗು ತಡೆದುಕೊಂಡು ನನ್ನ ಕಿವಿಗೆ ಬಾಗಿದ. "ರೆಹಾನಾ ಫೋನ್ ಮಾಡಿದ್ಲು. ಅವರ ಮಷೀನ್ ಪಾಸಾತಂತ, ಕೆಲಸಾ ಅಕಿ ಕೈಯಾಗ ಉಳೀತು. ನೀ ಹೆಂಕನ ಓಣ್ಯಾಗ ಕುಂಟಿದಿಯಲ್ಲ, ಅವತ್ತ ಕ್ಯಾಮೆರಾ ಚಾಲೂ ಇತ್ತಂತ. ಸುಮ್ನ ನೋಡೂಣು ಅಂತ ಹೊಸದಾಗಿ ಕಲಿತ ಮಷೀನಿಗೆ ತೋರಿಸ್ಯಾಳ. ಎರಡ ಕಾಲಿನ ದನಾ ಅದಕ್ಕೇನ್ ಗೊತ್ತು? ನಾಕು ಅಂದೈತಿ."

"ಹೆಂಕ್ ಬಾಜೂಕ ನಿಂತಿದ್ನಲ್ಲ?"

"ನಿಂತಿದ್ನಂತ. ಚಿತ್ರದಾಗ ಅದಾನಂತ. ಆದ್ರೂ ನಾಕು."

ಸುತ್ತ ಕುಳಿತವರು ಏನು ವ್ಯವಹಾರ ಎಂದು ಕತ್ತು ಚಾಚಿದರು. ಮಕ್ತುಮಸಾಬ ನನ್ನ ಮರ್ಯಾದೆ ಕಾಯಲು ಟವೆಲನ್ನು ಇನ್ನೂ ಬಿಗಿಯಾಗಿ ಹಿಡಿದ. ನಾನು ಅದನ್ನು ಎಳೆದು ತೆಗೆದು, ಅವರೆಲ್ಲರಿಗೂ ಕಾಣುವ ಹಾಗೆ ನಾಲ್ಕು ಬೆರಳು ಎತ್ತಿದೆ.